ವಿಮಾನ ಇಳಿಯುವ ಮೊದಲೇ ಕಿವಿಯ ಕಡೆ ಗಮನವಿರಲಿ

ವಿಮಾನದಲ್ಲಿ ಕಿವಿಯನ್ನು ಕಾಡುವುದು ಎರಡು: ಗಾಳಿಯ ಒತ್ತಡ ಮತ್ತು ಎಂಜಿನ್ನಿನ ಮೊರೆತ. ನೋವು ಕೊಡುವುದು ಒತ್ತಡ, ಅದೂ ಹೆಚ್ಚಾಗಿ ಇಳಿಯುವಾಗ. ಏರುವಾಗ ಕಿವಿತಮಟೆಯ ಹಿಂದಿನ ಗಾಳಿ ಯುಸ್ಟೇಷಿಯನ್ ನಳಿಕೆಯ ಮೂಲಕ ತಾನಾಗಿಯೇ ಮೂಗಿನ ಹಿಂಭಾಗಕ್ಕೆ ಸರಿದುಹೋಗುತ್ತದೆ. ಇಳಿಯುವಾಗ ಆ ನಳಿಕೆಯನ್ನು ನಾವೇ ತೆರೆಯಬೇಕು. ತಡಮಾಡಿದರೆ ಒತ್ತಡದ ವ್ಯತ್ಯಾಸ ಹೆಚ್ಚಿ ನಳಿಕೆ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಊದಿದರೂ ಬಿಡಿಸುವುದು ಕಷ್ಟ.

ಆದ್ದರಿಂದ ಇಳಿಯಲು ಅರ್ಧ ಗಂಟೆಗೂ ಮುಂಚೆಯೇ ನಿದ್ದೆಯಿಂದ ಎದ್ದುಬಿಡಿ. ನಿದ್ದೆಯಲ್ಲಿ ಎಂಜಲು ನುಂಗುವುದು ಕಡಿಮೆ, ನಳಿಕೆ ತೆರೆಯುವುದೂ ಕಡಿಮೆ. ಚೂಯಿಂಗ್ ಗಮ್ ಜಗಿಯಿರಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ, ಆಕಳಿಸಿ. ಸಾಲದಿದ್ದರೆ ಮೂಗು ಹಿಡಿದು ಒಂದು ಗುಟುಕು ನುಂಗಿ. ಅಥವಾ ಬಾಯಿ ಮುಚ್ಚಿ, ಮೂಗು ಹಿಡಿದು, ಮೂಗು ಸೀಟುವಾಗಿನಂತೆ ಮೆಲ್ಲಗೆ ಉಸಿರು ತಳ್ಳಿ. ಕಿವಿಯಲ್ಲಿ 'ಟಪ್' ಎಂದರೆ ಸಾಕು. ಕಿವಿ ಕಟ್ಟಿದಂತಾದಾಗಲೆಲ್ಲ ಇದನ್ನು ಮತ್ತೆ ಮಾಡಿ, ನೋವು ಬರುವವರೆಗೆ ಕಾಯಬೇಡಿ. ಜೋರಾಗಿ ಮಾತ್ರ ಊದಲೇಬೇಡಿ, ಒಳಕಿವಿಗೆ ಪೆಟ್ಟಾಗಬಹುದು. ಹಸುಗೂಸಿಗೆ ಇಳಿಯುವಾಗ ತಲೆ ಎತ್ತರಿಸಿ ಹಾಲು ಕುಡಿಸಿ.

ನೆಗಡಿ ಜೋರಾಗಿದ್ದರೆ ಪ್ರಯಾಣ ಮುಂದೂಡುವುದೇ ಒಳ್ಳೆಯದು. ಆಗದಿದ್ದರೆ, ಇಳಿಯಲು ಸುಮಾರು ಒಂದು ಗಂಟೆ ಇರುವಾಗ ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಾಜೋಲಿನ್ ಮೂಗಿನ ಸ್ಪ್ರೇ ಬಳಸಬಹುದು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಮಕ್ಕಳು ವೈದ್ಯರನ್ನು ಕೇಳದೆ ಬಳಸಬಾರದು.

ಇನ್ನು ಸದ್ದು. ಹಾರಾಟದುದ್ದಕ್ಕೂ ಒಳಗೆ ಸುಮಾರು 80ರಿಂದ 85 ಡೆಸಿಬೆಲ್ ಇರುತ್ತದೆ. ನಿಜವಾದ ಅಪಾಯ ಅದನ್ನು ಮೀರಿಸಲು ನಾವು ಏರಿಸುವ ಹಾಡಿನ ವಾಲ್ಯೂಮ್: 85 ಡೆಸಿಬೆಲ್ಲನ್ನು ಕಿವಿ 8 ಗಂಟೆ ತಡೆದೀತು, 100 ಡೆಸಿಬೆಲ್ಲನ್ನು ಬರೀ 15 ನಿಮಿಷ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಮೊರೆತವನ್ನೇ ತಗ್ಗಿಸುವುದರಿಂದ ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ರೆಕ್ಕೆಯಡಿ ಎಂಜಿನ್ ಇರುವ ವಿಮಾನದಲ್ಲಿ ಮುಂದಿನ ಸೀಟು ಆರಿಸಿ.

ಫೋಮ್ ಇಯರ್‌ಪ್ಲಗ್ ಅಗ್ಗದ ರಕ್ಷಣೆ, ಆದರೆ ಬಹಳ ಮಂದಿ ಅರ್ಧಕ್ಕೇ ತುರುಕಿ ಬಿಡುತ್ತಾರೆ. ಶುದ್ಧ ಕೈಯಲ್ಲಿ ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ ಒಳಗಿಟ್ಟು, ಅದು ಉಬ್ಬುವವರೆಗೆ 30 ಸೆಕೆಂಡ್ ಒತ್ತಿ ಹಿಡಿಯಿರಿ. ನಿಮ್ಮದೇ ಧ್ವನಿ ಮಡಕೆಯೊಳಗಿನಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ. ಇಳಿಯಲು ಶುರುವಾದಾಗ ಮೆಲ್ಲಗೆ ತಿರುಗಿಸುತ್ತ ತೆಗೆಯಿರಿ.

ಇಳಿದ ಮೇಲೆ ಕೆಲವು ಗಂಟೆ ಕಿವಿ ಮಂದವಾಗಿರುವುದು ಸಾಮಾನ್ಯ. ರಕ್ತ, ತಲೆಸುತ್ತು, ತೀವ್ರ ನೋವು ಅಥವಾ ಕೇಳಿಸದಂತಾಗುವುದು ಕಂಡರೆ ಅಂದೇ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ.