‘ಸಾಫ್ಟ್ ಸಿಲಿಕೋನ್’ ಅಂದ್ರೆ ಎಷ್ಟು ಸಾಫ್ಟು? ಟಾಯ್ ಆರಿಸಿದ ನನ್ನ ಅನುಭವ

ನನ್ನ ಕೆಲಸವೇ ರಬ್ಬರಿನದು. ಬಳ್ಳಾರಿಯ ಒಂದು ವರ್ಕ್‌ಶಾಪಿನಲ್ಲಿ, ಸಂಡೂರು ಕಡೆಯ ಗಣಿಗಳಿಗೆ ಹೋಗುವ ಕನ್ವೇಯರ್ ಬೆಲ್ಟ್ ಚೆಕ್ ಮಾಡಿ ರಿಪೋರ್ಟ್ ಬರೀತೇನೆ. ರಬ್ಬರ್ ಎಷ್ಟು ಗಟ್ಟಿ ಅಂತ ಅಳೆಯುವ ಶೋರ್ ಮೀಟರನ್ನು ಬೆಲ್ಟಿಗೆ ಒತ್ತಿದರೆ ಮುಳ್ಳು 60ರ ಆಸುಪಾಸು ನಿಲ್ಲಬೇಕು. ಅದಕ್ಕೇ ಸೆಕ್ಸ್ ಟಾಯ್ ಒಂದು ತಗೊಳ್ಳೋಣ ಅಂತ ನಾವಿಬ್ಬರು ಮಾತಾಡಿಕೊಂಡಾಗ ನಾನು ಮೊದಲು ಹುಡುಕಿದ್ದೇ ಆ ನಂಬರನ್ನು.

ನಮ್ಮನೆಯವರಿಗೆ ಇದು ಅತಿ ಅನ್ನಿಸಿತು. “ಮೆತ್ತಗಿರೋದು ತಗೊಂಡ್ರೆ ಆತಲ್ಲ?” ಅಂದರು.

“ಮೆತ್ತಗಂದ್ರ ಎಷ್ಟು ಮೆತ್ತಗ್ರಿ?” ಅಂದೆ.

ಆನ್‌ಲೈನಿನಲ್ಲಿ ನೋಡಿದರೆ ಎಲ್ಲದಕ್ಕೂ ‘ಪ್ರೀಮಿಯಂ ಸಾಫ್ಟ್ ಸಿಲಿಕೋನ್’ ಅಂತ ಬರೆದಿರುತ್ತಾರೆ. ನಂಬರು ಹಾಕುವವರು ಕಮ್ಮಿ. ಒಬ್ಬ ಮಾರಾಟಗಾರರಿಗೆ ಕೇಳಿ ಬರೆದೆ, ‘40’ ಅಂತ ಉತ್ತರ ಬಂತು. ಯಾವ ಸ್ಕೇಲಿನ 40? ಅದನ್ನು ಹೇಳದೆ ನಂಬರು ಕೊಟ್ಟರೆ ಏನೂ ಕೊಟ್ಟ ಹಾಗಲ್ಲ. ಶೋರ್ ‘ಎ’ ಸ್ಕೇಲಿನ 40 ಅಂದರೆ ಹೆಚ್ಚುಕಮ್ಮಿ ಶಾಲೆ ಮಕ್ಕಳ ಪೆನ್ಸಿಲ್ ರಬ್ಬರ್. ‘00’ ಸ್ಕೇಲಿನ 40 ಅಂದರೆ ಬೂಟಿನೊಳಗೆ ಹಾಕುವ ಜೆಲ್ ಅಟ್ಟೆಗಿಂತ ಸ್ವಲ್ಪ ಗಟ್ಟಿ, ಅಷ್ಟೇ. ಮೈಗೆ ತಾಗುವ ವಸ್ತುವಿನಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ.

ಎರಡು ಸ್ಕೇಲ್ ಯಾಕೆ ಅಂದರೆ, ‘ಎ’ ಮೀಟರಿನ ಮೊನೆ ಚೂಪು, ಸ್ಪ್ರಿಂಗ್ ಬಿಗಿ. ಮೊನೆ ಒಳಗೆ ಇಳಿಯದೇ ನಿಂತರೆ 100, ಪೂರ್ತಿ ಎರಡೂವರೆ ಮಿಲಿಮೀಟರ್ ಇಳಿದರೆ ಸೊನ್ನೆ. ತೀರಾ ಮೆತ್ತಗಿನ ಸಿಲಿಕೋನಿಗೆ ಇದನ್ನು ಒತ್ತಿದರೆ ಮುಳ್ಳು ಸೊನ್ನೆಯ ಹತ್ತಿರವೇ ಬಿದ್ದಿರುತ್ತೆ. ಅದಕ್ಕೇ ದುಂಡು ಮೊನೆಯ, ಹಗುರ ಸ್ಪ್ರಿಂಗಿನ 00 ಮೀಟರ್ ಬೇಕು. ಎರಡೂ ಒಂದಕ್ಕೊಂದು ಸೇರುವ ಜಾಗ ನೆನಪಿಟ್ಟುಕೊಂಡರೆ ಸಾಕು: ಎ-10 ಅಂದರೆ ಸುಮಾರು 00-55.

ಇನ್ನು ಆರಿಸುವ ಮಾತು. ಶೋರ್ ನಂಬರು ಹೇಳೋದು ಮೇಲ್ಮೈ ಎಷ್ಟು ತಗ್ಗುತ್ತೆ ಅಂತ ಮಾತ್ರ. ಎಷ್ಟು ಬಾಗುತ್ತೆ ಅಂತ ಅಲ್ಲ. ಬಾಗೋದರಲ್ಲಿ ದಪ್ಪದ ಪಾಲೂ ದೊಡ್ಡದು. ಅದೇ 00-30 ಸಿಲಿಕೋನನ್ನು ಎರಡು ಬೆರಳಿನಷ್ಟು ತೆಳುವಾಗಿ ಮಾಡಿದರೆ ಒಳಗೆ ಹೋಗುವ ಬದಲು ಮಡಚಿಕೊಳ್ಳುತ್ತೆ. ಬೇಜಾರು ಬಿಟ್ಟು ಬೇರೇನೂ ಸಿಗಲ್ಲ. ದಪ್ಪ ಜಾಸ್ತಿ ಇದ್ದರೆ ಅದೇ ಮೆತ್ತನೆ ಗುಣ ಹಿತ ಅನ್ನಿಸುತ್ತೆ, ಯಾಕಂದರೆ ಒತ್ತಿದ ಕಡೆ ಅದು ಜಾಗ ಬಿಟ್ಟುಕೊಡುತ್ತೆ. ಹಾಗಾಗಿ ನನ್ನ ಲೆಕ್ಕ ಇಷ್ಟು: ಸಣ್ಣದು ಬೇಕಾ, ಸ್ವಲ್ಪ ಗಟ್ಟಿ ನೋಡು. ದಪ್ಪದ್ದು ಬೇಕಾ, ಮೆತ್ತಗಿಗೆ ಇಳಿ. ಎರಡನೇ ಹೆರಿಗೆ ಆದಮೇಲೆ ನನಗೆ ಒಣಗಿದ ಹಾಗಾಗಿ ನೋವು ಬರ್ತಿತ್ತು. ಅದಕ್ಕೆ ಮಧ್ಯಮ ದಪ್ಪದ, 00-50ರದ್ದನ್ನು ತರಿಸಿದೆ. ಸರಿಯಾಗಿ ಹೊಂದಿತು. (ನೋವು ಮುಂಚಿನಿಂದ ಇದ್ದರೆ ಮೊದಲು ಡಾಕ್ಟರಮ್ಮನ ಹತ್ತಿರ ಹೋಗಿ. ನಾನೂ ಹೋಗಿದ್ದೆ.)

ಪಾರ್ಸೆಲ್ ಬಂದಾಗ ಅದನ್ನು ವರ್ಕ್‌ಶಾಪಿನ ಮೀಟರಿಗೆ ಒತ್ತಿ ನೋಡುವ ಆಸೆ ಆಗಿದ್ದು ನಿಜ. ಮೇಸ್ತ್ರಿ ಮುಂದೆ ಆಗುವ ಮಾತಾ ಅದು! ಹೆಬ್ಬೆರಳಲ್ಲೇ ಮಾಡಿದೆ. ಮೊದಲು ನಿಧಾನಕ್ಕೆ ಒತ್ತಿದೆ: ಅರ್ಧ ಉಗುರಿನಷ್ಟು ತಗ್ಗಿತು, ಕೈ ಬಿಟ್ಟ ಕೂಡಲೇ ಗುರುತು ಉಳಿಯದೆ ಮೇಲೆದ್ದಿತು. ಆಮೇಲೆ ಇನ್ನೂ ಆಳಕ್ಕೆ ಒತ್ತಿ, ಒಳಗೆ ಗಟ್ಟಿ ತಿರುಳು ಸಿಗುತ್ತಾ ಅಂತ ನೋಡಿದೆ. ಕೆಲವು ಟಾಯ್‌ಗಳಲ್ಲಿ ಮೇಲೆ ಮೆತ್ತನೆ ಪದರ, ಒಳಗೆ ಗಟ್ಟಿ ತಿರುಳು ಇರುತ್ತೆ. ‘ಡ್ಯುಯಲ್ ಡೆನ್ಸಿಟಿ’ ಅಂತ ಮಾರುತ್ತಾರೆ. ಅವುಗಳಿಗೆ ಎರಡು ನಂಬರ್ ಇರಬೇಕು. ಒಂದೇ ಹೇಳಿದರೆ ಅದು ಬರೀ ಮೇಲಿನ ಪದರದ್ದು ಅಂತ ತಿಳ್ಕೊಳ್ಳಿ. ಕೊನೆಗೆ ಬುಡ ಹಿಡಿದು ಬಗ್ಗಿಸಿದೆ, ಅರ್ಧಕ್ಕೆ ಮಡಚಲಿಲ್ಲ. ಮೂಸಿ ನೋಡಿದೆ, ವಾಸನೆ ಇಲ್ಲ. ಕೈಗೆ ಎಣ್ಣೆಯೂ ಅಂಟಲಿಲ್ಲ.

ಎಣ್ಣೆ ವಿಷಯ ಬಳ್ಳಾರಿಯವರಿಗೆ ಮುಖ್ಯ. ಅಗ್ಗಕ್ಕೆ ಸಿಗುವ ‘ಜೆಲ್ಲಿ’, ಟಿಪಿಇ (ರಬ್ಬರಿನಂಥ ಮೆತ್ತನೆ ಪ್ಲಾಸ್ಟಿಕ್) ಮಾಲು ಮುಟ್ಟಿದರೆ ಸಿಲಿಕೋನಿಗಿಂತ ಮೆತ್ತಗೆ ಅನ್ನಿಸುತ್ತೆ, ಏಕೆಂದರೆ ಅದರಲ್ಲಿ ಎಣ್ಣೆ ಬೆರೆಸಿರುತ್ತಾರೆ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಬೀರುವಿನೊಳಗೆ ಅದು ಅಂಟಂಟಾಗುತ್ತೆ. ಅದರಲ್ಲಿ ಸಣ್ಣ ಸಣ್ಣ ತೂತುಗಳೂ ಇರೋದರಿಂದ ಪೂರ್ತಿ ಸ್ವಚ್ಛ ಮಾಡೋಕೆ ಬರಲ್ಲ. ಸಿಲಿಕೋನಿಗೆ ನಮ್ಮ ಬಿಸಿಲು ಲೆಕ್ಕಕ್ಕೇ ಇಲ್ಲ. ಮೋಟಾರ್ ಇಲ್ಲದ ಟಾಯ್ ಆದರೆ ಕುದಿಯುವ ನೀರಿಗೇ ಹಾಕಬಹುದು. ಕೂಡು ಮನೆಯಲ್ಲಿ ಅದಕ್ಕೆ ಹೊತ್ತು ಹುಡುಕೋದೇ ಕಷ್ಟ. ಅತ್ತೆಯವರು ಮದುವೆಗೆ ಅಂತ ಹೊಸಪೇಟೆಗೆ ಹೋದಾಗ ಬೇರೆ ಪಾತ್ರೆಯಲ್ಲಿ ಕುದಿಸಿದೆ. ಮಿಕ್ಕ ದಿನ ಸೋಪು, ನೀರು.

ಮೆತ್ತಗಾದಷ್ಟೂ ಸಿಲಿಕೋನ್ ಚರ್ಮಕ್ಕೆ ಹಿಡಿದುಕೊಳ್ಳುತ್ತೆ, ಜಾರೋದು ಕಮ್ಮಿ. ಲೂಬ್ (ಜಾರೋದಕ್ಕೆ ಹಚ್ಚುವ ಜೆಲ್) ಧಾರಾಳ ಬೇಕು, ಅದೂ ನೀರಿನ ಬೇಸ್‌ನದ್ದೇ. ಸಿಲಿಕೋನ್ ಲೂಬು ಕೆಲವು ಸಿಲಿಕೋನ್ ಟಾಯ್‌ಗಳ ಮೇಲ್ಮೈಯನ್ನು ಹಾಳು ಮಾಡುತ್ತೆ. ತೀರಾ ಮೆತ್ತಗಿನವು ಉಗುರು ತಾಗಿದರೂ ಹರಿದುಹೋಗಬಹುದು. ಸೀಳು ಕಂಡರೆ ಬಿಸಾಡಬೇಕು, ಅಲ್ಲಿ ಕೊಳೆ ಕೂರುತ್ತೆ. ಹಿಂಬದಿಗೆ ಬಳಸುವವರು ನಂಬರಿಗಿಂತ ಮೊದಲು ಬುಡ ಅಗಲ ಇದೆಯಾ ನೋಡಿ, ಆ ಬುಡ ಸುಲಭಕ್ಕೆ ಮಡಚದಷ್ಟು ಗಟ್ಟಿ ಇರಬೇಕು.

ಮುಂದಿನ ಸಲ ಡ್ಯುಯಲ್ ಡೆನ್ಸಿಟಿಯದ್ದೇ ತಗೊಳ್ಳೋದು ಅಂತ ನಮ್ಮನೆಯವರೇ ಹೇಳಿದ್ದಾರೆ. ರೇಟು ಜಾಸ್ತಿ. ಆದರೂ ಎರಡೂ ನಂಬರನ್ನು ಸ್ಕೇಲ್ ಸಮೇತ ಬರೆದು ಕೊಡುವವರ ಹತ್ತಿರ ಮಾತ್ರ ತಗೊಳ್ಳೋದು.