ತೈಲವರ್ಣ ಸ್ಪರ್ಧೆಗೆ ತೀರ್ಪುಗಾರರಾಗಿ ಕರೆದರೆ ಹೀಗೆ ಮಾಡಿ

ದಸರಾ ಹತ್ತಿರ ಬಂತೆಂದರೆ ಮೈಸೂರಿನಲ್ಲಿ ಚಿತ್ರ ಸ್ಪರ್ಧೆಗಳು ಶುರುವಾಗುತ್ತವೆ. ತೀರ್ಪುಗಾರರು ಹನ್ನೊಂದಕ್ಕೆ ಬಂದು, ನೂರು ಚಿತ್ರಗಳ ಮುಂದೆ ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ಮೂರು ಹೆಸರು ಬರೆದುಕೊಟ್ಟು ಹೊರಡುತ್ತಾರೆ. ರಾತ್ರಿಯೆಲ್ಲ ಕೂತು ಬಣ್ಣ ಹಚ್ಚಿದ ಹುಡುಗರು ಬಾಗಿಲ ಹತ್ತಿರ ಕಾಯುತ್ತಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತೀರ್ಪು ಕೊಡುವುದೂ ಒಂದು ಕೆಲಸ. ಅದಕ್ಕೊಂದು ಕ್ರಮ ಇದೆ.

ಹಿಂದಿನ ದಿನ ಬಿಡುವಿದ್ದರೆ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಹೋಗಿ ಬನ್ನಿ. ರವಿವರ್ಮನ ತೈಲಚಿತ್ರಗಳ ಮುಂದೆ ಅರ್ಧ ಗಂಟೆ ನಿಂತರೆ ಕಣ್ಣು ಹದಕ್ಕೆ ಬರುತ್ತದೆ. ದೀಪ ಹಿಡಿದ ಮಹಿಳೆಯ ಚಿತ್ರವನ್ನೂ ನೋಡಿ. ಅದೂ ರವಿವರ್ಮನದೇ, ತೈಲವರ್ಣವೇ ಅಂದುಕೊಂಡವರು ಜಾಸ್ತಿ. ಅದನ್ನು ಬರೆದವರು ಎಸ್.ಎಲ್. ಹಲ್ದಂಕರ್, ಅದು ಜಲವರ್ಣ. ಮುಖದ ಮೇಲಿನ ಆ ಬೆಳಕು ಸುತ್ತಲಿನ ಕತ್ತಲೆಯಿಂದ ಬಂದಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1. ಹೆಸರು ಮುಚ್ಚಿಸಿ. ಸಹಿ ಕಾಣದಂತೆ ಚೌಕಟ್ಟಿಗೆ ಕ್ಲಿಪ್ ಹಾಕಿ ಕಾಗದದ ಪಟ್ಟಿ ಇಳಿಬಿಡಿ. ಬಣ್ಣದ ಮೇಲೆ ಏನನ್ನೂ ಅಂಟಿಸಬೇಡಿ. ಒಂದು ಕಡೆ ಸೆಲ್ಲೋಟೇಪ್ ಹಾಕಿದ್ದರು. ಕೀಳುವಾಗ ಸಹಿಯ ಜೊತೆ ಕೆಂಪು ಸೀರೆಯ ಅಂಚೂ ಎದ್ದು ಬಂತು. ಅದನ್ನು ಬರೆದ ಹುಡುಗಿಯ ಮುಖ ಇನ್ನೂ ನೆನಪಿದೆ.

2. ಬೆಳಕು. ಹಗಲಿನ ಬೆಳಕು ಅಥವಾ ಬಿಳಿ ಟ್ಯೂಬ್‌ಲೈಟ್. ಹಳದಿ ಫೋಕಸ್ ಲೈಟ್ ಇದ್ದರೆ ಆಫ್ ಮಾಡಿಸಿ.

3. ಮೊದಲ ಸುತ್ತು. ಮಾತಿಲ್ಲ, ಮೊಬೈಲ್ ಇಲ್ಲ. ಒಂದೊಂದು ಚಿತ್ರಕ್ಕೂ ಒಂದು ನಿಮಿಷ. ಇರಲಿ, ಬೇಡ, ಮತ್ತೆ ನೋಡೋಣ, ಇಷ್ಟೇ ಗುರುತು.

4. ಟಾರ್ಚ್ ಹಿಡಿಯಿರಿ. ಉಳಿದ ಚಿತ್ರಗಳಿಗೆ ಚೌಕಟ್ಟಿನ ಪಕ್ಕದಿಂದ ಓರೆಯಾಗಿ, ಕ್ಯಾನ್ವಾಸನ್ನು ಸವರಿಕೊಂಡು ಹೋಗುವಂತೆ ಬೆಳಕು ಬಿಡಿ. ಕುಂಚದ ಒಂದೊಂದು ಗೀರೂ ಎದ್ದು ಕಾಣುತ್ತದೆ. ಕೆನ್ನೆ ದುಂಡಗಿದ್ದು, ಗೀರು ಮಾತ್ರ ಇಡೀ ಕ್ಯಾನ್ವಾಸಿನ ಮೇಲೆ ಒಂದೇ ಥರ ಅಡ್ಡಡ್ಡ ಇದ್ದರೆ ಅನುಮಾನಪಡಿ. ಫೋಟೋ ಪ್ರಿಂಟ್ ಹಾಕಿಸಿ, ಕುಂಚದ ಗೀರಿನಂತೆ ಕಾಣಲು ಮೇಲೆ ಪಾರದರ್ಶಕ ಜೆಲ್ ಎಳೆದು ತರುವವರಿದ್ದಾರೆ. ಭೂತಗನ್ನಡಿಯಲ್ಲಿ ಸಣ್ಣ ಬಣ್ಣದ ಚುಕ್ಕೆಗಳು ಕಂಡರೆ ಅದು ಪ್ರಿಂಟೇ.

ಅಲ್ಲಲ್ಲಿ ಮಂಕಾಗಿದ್ದರೆ ಎಣ್ಣೆಯನ್ನು ಕೆಳಗಿನ ಪದರ ಹೀರಿಕೊಂಡಿದೆ ಅಷ್ಟೆ, ಅಂಕ ಕಡಿಯಬೇಡಿ. ಬಿರುಕಿದ್ದರೆ ಕಡಿಯಿರಿ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ ಎನ್ನುವುದು ತೈಲವರ್ಣದ ಮೊದಲ ಪಾಠ. ಅದು ತಪ್ಪಿದರೆ ಬಿರುಕು ಬಿಡುತ್ತದೆ.

ವಾರ್ನಿಷ್ ಬಗ್ಗೆ ಒಂದು ಮಾತು. ಚಿತ್ರ ಮುಗಿದ ವಾರದಲ್ಲೇ ಹಾರ್ಡ್‌ವೇರ್ ಅಂಗಡಿಯ ಮರದ ವಾರ್ನಿಷ್ ಬಳಿದು ತರುತ್ತಾರೆ. ದಯವಿಟ್ಟು ಬೇಡ. ಎಣ್ಣೆ ಬಣ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ವಾರ್ನಿಷ್‌ಗೆ 6 ತಿಂಗಳಿಂದ 1 ವರ್ಷ ಕಾಯುವುದು ರೂಢಿ. ಮರದ ವಾರ್ನಿಷ್ ಹಳದಿಯಾಗುತ್ತದೆ, ಬಣ್ಣ ಕೆಡದಂತೆ ಅದನ್ನು ತೆಗೆಯುವುದೂ ಬಹಳ ಕಷ್ಟ. ಆಯೋಜಕರು ಅರ್ಜಿಯಲ್ಲೇ 'ವಾರ್ನಿಷ್ ಬೇಡ' ಎಂದು ಬರೆದುಬಿಡಲಿ.

5. ಕೊನೆಗುಳಿದ ಹತ್ತು ಚಿತ್ರಗಳಿಂದ ಮೂರಕ್ಕೆ. ಎಡವುವುದೆಲ್ಲ ಇಲ್ಲೇ. ದೊಡ್ಡ ಕ್ಯಾನ್ವಾಸ್, ಚಿನ್ನದ ಬಣ್ಣದ ಚೌಕಟ್ಟು, 'ಥೇಟ್ ಫೋಟೋ ಥರ ಇದೆ' ಎನ್ನುವ ಮಾತು, ಈ ಮೂರಕ್ಕೆ ಬಹುಮಾನ ಹೋಗಿಬಿಡುತ್ತದೆ.

ಹತ್ತನ್ನೂ ಒಂದೇ ಗೋಡೆಗೆ, ಕಣ್ಣಿನ ಎತ್ತರಕ್ಕೆ ಹಾಕಿಸಿ. ಒಂದು ಕುರ್ಚಿ ತರಿಸಿಕೊಳ್ಳಿ. ಚಿತ್ರದ ಉದ್ದನೆಯ ಅಂಚಿನ ಮೂರರಷ್ಟು ದೂರದಲ್ಲಿ ಕೂತು ಕಣ್ಣು ಅರೆ ಮುಚ್ಚಿ. ಬಣ್ಣ, ವಿವರ ಎಲ್ಲ ಹಿಂದೆ ಸರಿದು ಬೆಳಕು ಕತ್ತಲೆ ಮಾತ್ರ ಉಳಿಯುತ್ತದೆ. ಆಗಲೂ ಚಿತ್ರ ನಿಲ್ಲುತ್ತದಾ?

ಒಂದು ಸಲ ಮಂಡ್ಯ ಕಡೆಯ ಆಲೆಮನೆಯ ಚಿತ್ರ ಎರಡು ಬಂದಿದ್ದವು. ಮೊದಲನೆಯದು ಬಲು ಅಚ್ಚುಕಟ್ಟು. ಕೊಪ್ಪರಿಗೆಯ ಅಂಚಿನ ಹೊಳಪು, ಕಬ್ಬಿನ ಗಿಣ್ಣು, ಒಲೆಗೆ ಸಿಪ್ಪೆ ತುಂಬುವವನ ಅಂಗಿಯ ಗುಂಡಿ ಕೂಡ ಇತ್ತು. ಎಲ್ಲರೂ ಅದರ ಮುಂದೆಯೇ ನಿಂತರು. ನಾನು ಕೂತು ಕಣ್ಣು ಅರೆ ಮುಚ್ಚಿದೆ. ಒಲೆ ಧಗಧಗ ಉರಿಯುತ್ತಿದೆ, ಬೆಳಕು ಮುಖಕ್ಕೆ ಕೆಳಗಿನಿಂದ ಬೀಳಬೇಕು. ಆದರೆ ಗದ್ದದ ಕೆಳಗೇ ಕತ್ತಲೆ! ಮಧ್ಯಾಹ್ನ ತೆಗೆದ ಫೋಟೋ ನೋಡಿ ಬರೆದು, ಬೆಂಕಿಯನ್ನು ಆಮೇಲೆ ಸೇರಿಸಿದಂತಿತ್ತು. ಎರಡನೆಯದರಲ್ಲಿ ಕಣ್ಣು ಮೂಗೂ ಸ್ಪಷ್ಟವಿರಲಿಲ್ಲ. ಆದರೆ ಹಬೆಯ ಹಿಂದಿನ ಮನುಷ್ಯ ಬಿಸಿ ತಾಳದೆ ಮುಖ ತಿರುಗಿಸಿದ್ದು ಕಾಣುತ್ತಿತ್ತು. ಹಬೆಗೆ ಸುಮ್ನೆ ಬಿಳಿ ಬಳಿದಿರಲಿಲ್ಲ. ಒಲೆಯ ಕಡೆ ತುಸು ಕಿತ್ತಳೆ, ಮಾಡಿನ ಕಡೆ ನೀಲಿ ಬೂದು. ನಾನು ಅದಕ್ಕೇ ಮೊದಲ ಸ್ಥಾನ ಬರೆದೆ.

ನೆರಳನ್ನೂ ಹತ್ತಿರ ಹೋಗಿ ನೋಡಿ. ಟ್ಯೂಬಿನ ಕಪ್ಪನ್ನು ನೇರ ಬಳಿದ ನೆರಳು ಕ್ಯಾನ್ವಾಸಿನಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಎಂಬ ಕಂದು ಬಣ್ಣ ಬೆರೆಸಿದ ಕಪ್ಪು ಉಸಿರಾಡುತ್ತದೆ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

6. ಅಂಕ ಮೊದಲು, ಚರ್ಚೆ ಆಮೇಲೆ. ಮೂವರು ತೀರ್ಪುಗಾರರೂ ಬೇರೆ ಬೇರೆ ಕೂತು ಬರೆದು, ಹಾಳೆ ಒಪ್ಪಿಸಿದ ಮೇಲೆಯೇ ಬಾಯಿ ಬಿಡಿ. ಹಿರಿಯರು ಮೊದಲು ಮಾತಾಡಿದರೆ ಉಳಿದವರ ಪೆನ್ನು ಅತ್ತಲೇ ವಾಲುತ್ತದೆ. ನನ್ನ ಲೆಕ್ಕ ಇದು: ಚಿತ್ರದ ಸಂಯೋಜನೆ, ಬೆಳಕು ಕತ್ತಲೆಗೆ 40, ಬಣ್ಣಕ್ಕೆ 25, ಕುಂಚದ ಕೆಲಸಕ್ಕೆ 25, ವಿಷಯಕ್ಕೆ 10. ವಿಷಯಕ್ಕೆ ಇದಕ್ಕಿಂತ ಜಾಸ್ತಿ ಕೊಟ್ಟರೆ ಅಂಬಾರಿ ಬರೆದವರೆಲ್ಲ ಗೆಲ್ಲುತ್ತಾರೆ.

7. ವಾಪಸ್ ಕೊಡುವಾಗ. ಹಸಿ ಚಿತ್ರಕ್ಕೆ ಪ್ಲಾಸ್ಟಿಕ್ ಸುತ್ತಬೇಡಿ. ಗೆಲ್ಲದವರ ಚಿತ್ರದ ಹಿಂದೆ ಎರಡು ಸಾಲಿನ ಚೀಟಿ ಅಂಟಿಸಿ. 'ಚೆನ್ನಾಗಿದೆ, ಪ್ರಯತ್ನ ಮುಂದುವರಿಸಿ' ಅಂತ ಬರೆದರೆ ಪ್ರಯೋಜನವಿಲ್ಲ. ಏನು ಮಾಡಬೇಕು ಅಂತ ಬರೆಯಿರಿ. ಆ ಮೊದಲ ಆಲೆಮನೆ ಚಿತ್ರದ ಹಿಂದೆ ನಾನು ಬರೆದದ್ದು ಇಷ್ಟು: 'ನಿಮ್ಮ ಕೈ ಚೆನ್ನಾಗಿ ಪಳಗಿದೆ. ಮುಂದಿನ ಸಲ ಕತ್ತಲಾದ ಮೇಲೆ ಆಲೆಮನೆಗೆ ಹೋಗಿ, ಕ್ಯಾಮೆರಾ ಮನೆಯಲ್ಲಿಟ್ಟು, ಒಲೆಯ ಮುಂದೆ ಒಂದು ಗಂಟೆ ಕೂತು ಬನ್ನಿ.'