ಬಾಡಿಗೆಯನ್ನು ಕೆಜಿ ಲೆಕ್ಕದಲ್ಲಿ ಅಳೆದ ಮೇಲೆ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಮಸಾಲೆ ಘಟಕ. ಮಸಾಲಿ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಕಿರಾಣಿ ಅಂಗಡಿಗಳಿಗೆ ಕೊಡುತ್ತೇನೆ. ಮನೆಯ ಪಡಸಾಲೆಯಲ್ಲಿ ಶುರುವಾದ ಕೆಲಸ. ವ್ಯಾಪಾರ ಬೆಳೆಯಿತು ಅಂತ ಮುಖ್ಯರಸ್ತೆಯಲ್ಲಿ ಒಂದು ಮಳಿಗೆ ಹಿಡಿದೆ. ಸರಕು ಸಾಗಿಸಲು ಕಂತಿನ ಮೇಲೆ ವ್ಯಾನ್ ತಗೊಂಡೆ.

ತಿಂಗಳಿಗೆ 700 ಕೆಜಿ ಹೋಗುತ್ತಿತ್ತು. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ರೇಟು ಏರಿದ್ದಕ್ಕೇ ಹೀಗೆ ಅಂದುಕೊಂಡಿದ್ದೆ.

ಒಂದು ರಾತ್ರಿ ನೋಟ್‌ಬುಕ್ಕು ಹಿಡಿದು ಕೂತೆ. ಗಿರಣಿ ತಿರುಗಲಿ ಬಿಡಲಿ, ಕಟ್ಟಲೇಬೇಕಾದ ಖರ್ಚನ್ನೆಲ್ಲ ಒಂದೇ ಪುಟದಲ್ಲಿ ಬರೆದೆ. ಬಾಡಿಗೆ 18,000. ಒಬ್ಬಾಕೆಯ ಪಗಾರ 12,000. ವ್ಯಾನ್ ಕಂತು 6,000. ಕರೆಂಟಿನ ಫಿಕ್ಸೆಡ್ ಚಾರ್ಜ್ 2,000. ಫೋನು, ಲೆಕ್ಕಪತ್ರ ಎಲ್ಲ ಸೇರಿ 2,000. ಒಟ್ಟು 40,000 ರೂಪಾಯಿ. ಕಚ್ಚಾಮಾಲು, ಪ್ಯಾಕಿಂಗ್ ಕಳೆದರೆ ನನಗೆ ಕೆಜಿಗೆ 60 ರೂಪಾಯಿ ಸಿಗುತ್ತಿತ್ತು. ಭಾಗಿಸಿ ನೋಡಿದೆ. ಈ ಖರ್ಚು ಹುಟ್ಟಿಸಲಿಕ್ಕೇ 667 ಕೆಜಿ! ನಾನು ಮಾರುತ್ತಿದ್ದ 700ರಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಬರೀ 33 ಕೆಜಿ. ಬಾಡಿಗೆಯೊಂದೇ 300 ಕೆಜಿ ನುಂಗುತ್ತಿತ್ತು.

ಅತ್ತೆಯವರಿಗೆ ಪುಟ ತೋರಿಸಿದೆ. "ಅಲ್ಲವ್ವಾ, ಗಿರಾಕಿ ಬರದ ಜಾಗಕ್ಕ ಅಷ್ಟು ಬಾಡಿಗಿ ಯಾಕ?" ಅಂದರು. ನಿಜ. ನನ್ನ ಗಿರಾಕಿಗಳು ಅಂಗಡಿಕಾರರು. ಅವರ ಬಾಗಿಲಿಗೆ ನಾನೇ ಹೋಗುತ್ತಿದ್ದೆ. ಮುಖ್ಯರಸ್ತೆ ನನಗೆ ಬೇಕಾಗಿರಲೇ ಇಲ್ಲ.

ಒಳಗಿನ ಓಣಿಯಲ್ಲಿ 7,000ಕ್ಕೆ ಜಾಗ ಸಿಕ್ಕಿತು. ಇಲ್ಲಿ ಕರೆಂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೇ ಮಳಿಗೆಗೆ ಮಂಜೂರಾಗಿದ್ದ ಲೋಡ್, ಅಂದರೆ ಒಮ್ಮೆಗೆ ಬಳಸಬಹುದಾದ ಕರೆಂಟಿನ ಮಿತಿ, 15 ಎಚ್‌ಪಿ (ಹಾರ್ಸ್‌ಪವರ್). ನನಗೆ ಬೇಕಾಗಿದ್ದು ಅದರ ಅರ್ಧ. ಒಂದು ಯೂನಿಟ್ ಉರಿಸದಿದ್ದರೂ ಮಂಜೂರಾದ ಲೋಡಿಗೆ ತಕ್ಕಂತೆ ಫಿಕ್ಸೆಡ್ ಚಾರ್ಜ್ ಬೀಳುತ್ತದೆ. ಬಿಲ್ಲಿನಲ್ಲಿ ಆ ಸಾಲನ್ನು ನಾನು ಅಲ್ಲಿಯತನಕ ಓದಿಯೇ ಇರಲಿಲ್ಲ. ಹೊಸ ಜಾಗದಲ್ಲಿ ಏಳೂವರೆ ಎಚ್‌ಪಿಗೆ ಮಾತ್ರ ಅರ್ಜಿ ಹಾಕಿದೆ. ಫಿಕ್ಸೆಡ್ ಚಾರ್ಜ್ ಸುಮಾರು ಸಾವಿರಕ್ಕೆ ಇಳಿಯಿತು. ನೀವೂ ಒಮ್ಮೆ ನಿಮ್ಮ ಬಿಲ್ ತೆಗೆದು ನೋಡಿ.

ವ್ಯಾನ್ ಮಾರಿ ಸಾಲ ತೀರಿಸಿದೆ. ಈಗ ವಾರಕ್ಕೆ ಎರಡು ದಿನ ಲಗೇಜ್ ಆಟೋ. ಸರಕು ಇದ್ದರೆ ಕರೆಸುತ್ತೇನೆ, ಇಲ್ಲದಿದ್ದರೆ ಇಲ್ಲ. ದೀಪಾವಳಿ ಮುಂದೆ ಆರ್ಡರ್ ಜಾಸ್ತಿಯಾದಾಗ ಓಣಿಯ ಹೆಣ್ಣುಮಕ್ಕಳು ಕೆಜಿ ಲೆಕ್ಕದಲ್ಲಿ ಪ್ಯಾಕ್ ಮಾಡಿಕೊಡುತ್ತಾರೆ.

ಒಂದು ಕಡೆ ಎಡವಿದೆ. ಪಗಾರವನ್ನೂ ಉಳಿಸೋಣ ಅಂತ ಕೆಲಸದಾಕೆಯನ್ನು ಬಿಡಿಸಿದೆ. ರಾತ್ರಿ ನಾನೇ ಪಾಕೀಟು ಸೀಲ್ ಮಾಡುತ್ತಿದ್ದೆ. ನಿದ್ದೆಗಣ್ಣು, ಅವಸರ. ಕಾವು ಸರಿಯಾಗಿ ಹತ್ತದೆ ಅಂಚಿನಲ್ಲಿ ಸೂಜಿಮೊನೆಯಷ್ಟು ಸಂದು ಉಳಿಯುತ್ತಿತ್ತು. ಶೇಂಗಾ ಚಟ್ನಿಯಲ್ಲಿ ಎಣ್ಣೆಯಂಶ ಇರುತ್ತದಲ್ವಾ, ಗಾಳಿ ಆಡಿದರೆ ಕಮಟು ಬರುತ್ತದೆ. ಒಂದೇ ಅಂಗಡಿಯಿಂದ 40 ಪಾಕೀಟು ವಾಪಸ್ ಬಂದವು. ಆ ವಾಸನೆಗಿಂತ ಅಂಗಡಿಯವರ ಮುಖ ನೋಡುವುದೇ ಕಷ್ಟವಾಯಿತು. ಮರುದಿನವೇ ಆಕೆಯ ಮನೆಗೆ ಹೋಗಿ ಕರೆದೆ. ಈಗ ಪಗಾರ 13,000. ಸೀಲಿಂಗ್ ಆಕೆಯದೇ ಜವಾಬ್ದಾರಿ, ಸರಕು ವಾಪಸ್ ಬರುವುದು ನಿಂತಿದೆ.

ಈಗ ಗಿರಣಿ ತಿರುಗಲಿ ಬಿಡಲಿ, ನಾನು ಕಟ್ಟಲೇಬೇಕಾದ ಖರ್ಚು 23,000. ಆಟೋ ಬಾಡಿಗೆ ಹೋಗಿ ಕೆಜಿಗೆ 55 ರೂಪಾಯಿ ಉಳಿಯುತ್ತದೆ. ಅಂದರೆ ಸುಮಾರು 420 ಕೆಜಿ ಮಾರಿದರೆ ಖರ್ಚು ಹುಟ್ಟಿತು. ಅದು ಯಾವ ದಿನ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತೇನೆ. ಮೊದಲಿನ ಲೆಕ್ಕದಲ್ಲಿ ಆ ಸುತ್ತು 28ಕ್ಕೋ 29ಕ್ಕೋ ಬೀಳಬೇಕಿತ್ತು. ಈಗ 18ರ ಹೊತ್ತಿಗೆ ಬೀಳುತ್ತದೆ.

ಹುರಿಯುವ ಯಂತ್ರ ತಗೊಳ್ಳುವ ಆಸೆಯಿದೆ. ಕಂತು ತಿಂಗಳಿಗೆ 4,400. ಅಂದರೆ ಇನ್ನೂ 80 ಕೆಜಿ ಮಾರಬೇಕು. ಅದು ಎಲ್ಲೆಲ್ಲಿ ಹೋಗಬಹುದು ಅಂತ ಅಂಗಡಿಗಳ ಹೆಸರು ಬರೆಯುತ್ತಾ ಇದ್ದೇನೆ. ಇಲ್ಲಿಯತನಕ 50 ಕೆಜಿಗೆ ಹೆಸರು ಸಿಕ್ಕಿದೆ. ಉಳಿದ 30ಕ್ಕೂ ಸಿಗಲಿ, ಆಮೇಲೆ ಯಂತ್ರಕ್ಕೆ ಮುಂಗಡ ಕೊಡುತ್ತೇನೆ.